ಸ್ವಂತ ಬೋಟಿನಲ್ಲಿ ನದಿಯುದ್ದಕ್ಕೂ ಹೋದರೆ ಒಂದು ದಿನ ಹೇಗಿರುತ್ತದೆ?

ದೊಡ್ಡ ನದಿಯಲ್ಲಿ ದಿನಗಟ್ಟಲೆ ಬೋಟಿನಲ್ಲಿ ಹೋಗುವವರಿಗೆ ಸುಮ್ನೆ ಕೂತು ಬೋರ್ ಆಗಲ್ವಾ ಅಂತ ಕೇಳಿದ್ದೀರಿ. ಗೆಳೆಯನ ಬೋಟಿನಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ, ಸೇಂಟ್ ಲೂಯಿಸ್‌ಗಿಂತ ಮೇಲಿನ ಭಾಗದಲ್ಲಿ ಹೋಗಿದ್ದೇನೆ, ಅದನ್ನೇ ಹೇಳುತ್ತೇನೆ. ಬೋರ್ ಆಗುವಷ್ಟು ಪುರುಸೊತ್ತು ಸಿಗುವುದಿಲ್ಲ. ಆದರೆ ದಿನ ನಿಮ್ಮ ಕೈಯಲ್ಲೂ ಇರುವುದಿಲ್ಲ, ಲಾಕ್ (ಎರಡೂ ಕಡೆ ಬಾಗಿಲಿದ್ದು, ನೀರು ಏರಿಸಿ ಇಳಿಸಿ ಬೋಟನ್ನು ನದಿಯ ಬೇರೆ ಮಟ್ಟಕ್ಕೆ ದಾಟಿಸುವ ಕಟ್ಟೆ) ಮತ್ತು ಬಾರ್ಜ್‌ಗಳ (ಸರಕು ಹೊರುವ ಚಪ್ಪಟೆ ದೋಣಿಗಳ) ಕೈಯಲ್ಲಿರುತ್ತದೆ.

ಬೆಳಗ್ಗೆ ಎಂಜಿನ್ ಆಯಿಲ್ ನೋಡಿ, ಮಂಜು ಕರಗಿದ ಮೇಲೆ ಹೊರಡುವುದು. ಮಂಜಿನಲ್ಲಿ ತೇಲಿ ಬರುವ ಮರದ ದಿಮ್ಮಿ ಕಾಣುವುದಿಲ್ಲ, ಪ್ರೊಪೆಲರ್‌ಗೆ ಬಡಿದರೆ ಕಥೆ ಮುಗಿಯಿತು. ನಮ್ಮಂಥ ನಿಧಾನದ ಬೋಟ್ ಗಂಟೆಗೆ 13-14 ಕಿ.ಮೀ. ಹೋಗುತ್ತದೆ.

ಸೇಂಟ್ ಲೂಯಿಸ್‌ವರೆಗೆ ನದಿಗೆ ಮೆಟ್ಟಿಲು ಕಟ್ಟಿದ ಹಾಗೆ ಇಪ್ಪತ್ತಕ್ಕೂ ಜಾಸ್ತಿ ಲಾಕ್‌ಗಳಿವೆ. ಹೆಚ್ಚಿನವು 180 ಮೀಟರ್ ಉದ್ದ. ಎದುರಿಗೆ ಬರುವ ಟೋಬೋಟ್ 15 ಬಾರ್ಜ್ ತಳ್ಳಿಕೊಂಡು ಬಂದರೆ ಅದರ ಉದ್ದ ಹತ್ತಿರಹತ್ತಿರ ಲಾಕಿನ ಎರಡರಷ್ಟು, ಹಾಗಾಗಿ ಅರ್ಧ ಬಿಚ್ಚಿ ದಾಟಿಸಿ, ಉಳಿದರ್ಧ ದಾಟಿಸಿ, ಮತ್ತೆ ಜೋಡಿಸಬೇಕು, ಇಷ್ಟಕ್ಕೇ ಒಂದೂವರೆ ಎರಡು ಗಂಟೆ. ಮೋಜಿನ ಬೋಟುಗಳ ಸರದಿ ಎಲ್ಲಕ್ಕಿಂತ ಕೊನೆಗೆ. ಇದಕ್ಕೆ ಬೇಜಾರು ಮಾಡಿಕೊಂಡರೆ ಈ ಪ್ರಯಾಣ ನಿಮಗಲ್ಲ. ಆ ನದಿ ಟೋಬೋಟಿನವರ ಅನ್ನದ ದಾರಿ, ನಾವು ಸುತ್ತಾಡಲು ಬಂದವರು.

ನನಗೆ ತುಂಬಾ ಇಷ್ಟವಾಗುವುದು ಲಾಕಿನ ಒಳಗಿನ ಹೊತ್ತು. ಹಸಿರು ದೀಪ ಬಂದ ಮೇಲೆ ಒಳಗೆ ಹೋಗಿ ಗೋಡೆಗೆ ಆತುಕೊಂಡು ನಿಲ್ಲುತ್ತೀರಿ, ಗೋಡೆಯ ಮೇಲೆ ನಿಂತ ಲಾಕಿನವರು ಹಗ್ಗ ಕೊಡುತ್ತಾರೆ. ಅದನ್ನು ಬೋಟಿಗೆ ಕಟ್ಟಲೇಬಾರದು, ಕೈಯಲ್ಲೇ ಹಿಡಿದಿರಬೇಕು, ನೀರು ಇಳಿದಂತೆ ಸಡಿಲ ಬಿಡುತ್ತಾ ಹೋಗಬೇಕು. ಕಟ್ಟಿದರೆ ನೀರು ಕೆಳಗೆ ಹೋಗಿ ಬೋಟ್ ಗೋಡೆಗೆ ನೇತಾಡುತ್ತದೆ. ನೋಡುನೋಡುತ್ತಲೇ ಪಾಚಿ ಹಿಡಿದ ಒದ್ದೆ ಗೋಡೆ ತಲೆಯ ಮೇಲಕ್ಕೆ ಬೆಳೆಯುತ್ತದೆ, ಆಮೇಲೆ ಎದುರಿನ ಬಾಗಿಲು ತೆರೆಯುತ್ತದೆ.

ಉಳಿದ ಹೊತ್ತೆಲ್ಲ ನೀರು ಓದುವ ಕೆಲಸ. ಕೆಳಮುಖವಾಗಿ ಹೋಗುವಾಗ ಕೆಂಪು ಬಾಯ್‌ಗಳು (ದಾರಿಯ ಅಂಚು ತೋರಿಸುವ ತೇಲು ಗುರುತುಗಳು) ನಿಮ್ಮ ಎಡಕ್ಕಿರಬೇಕು. ಆ ಗೆರೆ ದಾಟಿದರೆ ವಿಂಗ್ ಡ್ಯಾಮ್, ಅಂದರೆ ದಡದಿಂದ ನದಿಯೊಳಗೆ ಚಾಚಿದ ಕಲ್ಲಿನ ಸಾಲು. ನೀರಿನ ಅಡಿಯಲ್ಲಿರುವ ಕಾರಣ ಕಾಣುವುದಿಲ್ಲ, ಮೇಲೆ ಒಂದು ಸುಕ್ಕಿನ ಗೆರೆ ಮಾತ್ರ. ತಿರುವು ಬರುವ ಮೊದಲು ಎದುರಿನ ಟೋ (ಟೋಬೋಟ್ ಮತ್ತು ಅದು ತಳ್ಳುವ ಬಾರ್ಜ್‌ಗಳ ಸಾಲು) ಜೊತೆ ರೇಡಿಯೊದಲ್ಲಿ ಮಾತಾಡಿ, ಯಾವ ಕಡೆಯಿಂದ ದಾಟುತ್ತೇವೆ ಅಂತ ಮೊದಲೇ ಹೇಳಿಬಿಡಿ. ಬಾರ್ಜ್‌ಗಳ ಮುಂದೆ ಅವರಿಗೆ ಬಹಳ ದೂರ ಏನೂ ಕಾಣುವುದಿಲ್ಲ, ಬ್ರೇಕ್ ಹಾಕಿ ನಿಲ್ಲಿಸಲೂ ಆಗುವುದಿಲ್ಲ.

ಕತ್ತಲಾಗುವ ಮೊದಲೇ ದ್ವೀಪದ ಹಿಂದೆ, ಟೋಗಳ ದಾರಿಯಿಂದ ಪೂರ್ತಿ ಹೊರಗೆ ಲಂಗರು ಹಾಕಿ, ಲಂಗರಿನ ದೀಪ ಹಚ್ಚಿಡಿ. ಅವು ರಾತ್ರಿಯಿಡೀ ಓಡಾಡುತ್ತವೆ. ಮೊದಲ ಸಲ ಹೋಗುವವರು ವಸಂತದ ನೆರೆ ಇಳಿದ ಮೇಲೆಯೇ ಹೋಗಿ. ನೆರೆ ಜೋರಿದ್ದರೆ ಲಾಕ್‌ಗಳನ್ನೇ ಮುಚ್ಚುತ್ತಾರೆ.