ಪ್ರತಿಕ್ರಿಯೆ: ಬೇಸಿಗೆ ಉತ್ಸವದ ದಿನ ಕಡಲಕೋಟೆಯ ದಾರಿ ಮುಳುಗಿದ್ದರ ಬಗ್ಗೆ

ಪರಂಪರೆಯ ಮೆರವಣಿಗೆ ನೋಡಿ ಮಕ್ಕಳೊಂದಿಗೆ ಹೋಗುವಷ್ಟರಲ್ಲಿ ಕಡಲಕೋಟೆಯ ಕಾಲುದಾರಿ ನೀರಿನಡಿ ಮುಳುಗಿತ್ತು ಎಂದು ಬರೆದಿದ್ದೀರಿ. ಉತ್ಸವದ ಕಾರ್ಯಕ್ರಮಪಟ್ಟಿಯನ್ನಷ್ಟೇ ನೋಡಿ, ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡದೆ ಹೊರಟದ್ದೇ ಇದಕ್ಕೆ ಕಾರಣವಿರಬೇಕು. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ನಿನ್ನೆ ದಾರಿ ತೆರೆದುಕೊಂಡ ಹೊತ್ತಿಗಿಂತ ಇಂದು ಸುಮಾರು 50 ನಿಮಿಷ ತಡವಾಗಿ ತೆರೆದುಕೊಳ್ಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಂತೂ ಉಬ್ಬರದ ನೀರು ಇನ್ನೂ ಮೇಲೇರುತ್ತದೆ.

ಮೊದಲು ಕೋಟೆಗೆ ಹತ್ತಿರದ ಬಂದರಿನ ಉಬ್ಬರವಿಳಿತದ ಪಟ್ಟಿಯಲ್ಲಿ ನೀವು ಹೋಗುವ ದಿನದ ಇಳಿತದ ಹೊತ್ತನ್ನು ಗುರುತು ಹಾಕಿಕೊಳ್ಳಿ. ಅದಕ್ಕೆ ಸುಮಾರು ಒಂದು ಗಂಟೆ ಮುಂಚೆ ದಾರಿಗಿಳಿದು, ನೀರು ಮತ್ತೆ ಏರತೊಡಗುವ ಮೊದಲೇ ದಡ ಸೇರಿ. ಬಂಡೆಯ ಗುಂಡಿಗಳಲ್ಲಿ ಏಡಿ, ಸಿಗಡಿ ಮರಿಗಳನ್ನು ಮಕ್ಕಳಿಗೆ ತೋರಿಸುವುದಕ್ಕೂ ಇದೇ ಸರಿಯಾದ ಹೊತ್ತು. ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಡಲು ಅವರಿಗೆ ಹೇಳಿ, ಏಕೆಂದರೆ ಅದರಡಿಯ ಒದ್ದೆ ನೆರಳೇ ಆ ಜೀವಿಗಳ ಮನೆ. ಹಸಿರು ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಾತ್ರ ಕಾಲಿಡಲು ಬಿಡಬೇಡಿ.

ವಸ್ತುಸಂಗ್ರಹಾಲಯವನ್ನು ಬಿಸಿಲು ನೆತ್ತಿಗೇರುವ ಹೊತ್ತಿಗೆ ಇಟ್ಟುಕೊಳ್ಳಿ. ಮೆರವಣಿಗೆಯೂ ಇಳಿತವೂ ಒಂದೇ ಹೊತ್ತಿಗೆ ಬಂದರೆ, ನನ್ನ ಮಟ್ಟಿಗೆ ಕೋಟೆಯೇ ಮೇಲು. ಪಟ್ಟಿಯ ಸಮಯ ಅಂದಾಜಷ್ಟೇ; ದಡದತ್ತ ಬಲವಾದ ಗಾಳಿ ಬೀಸುತ್ತಿದ್ದರೆ ನೀರು ಇನ್ನೂ ಬೇಗ ಬರಬಹುದಾದ್ದರಿಂದ, ದಾಟುವ ಮೊದಲು ಎಚ್ಚರಿಕೆಯ ಫಲಕವನ್ನು ಓದಿ, ಅಲ್ಲಿರುವ ಕಾವಲುಗಾರರನ್ನೂ ಕೇಳಿ.