ಅಜ್ಜಿ ಬರುವ ಮುಂಚೆ ಮಗಳ ಪುಸ್ತಕಗಳನ್ನು ಎತ್ತಿಡಲೇ?

ಪ್ರಶ್ನೆ: ನಾನು ಹಾಸನದ ಕಡೆಯವಳು. ಮದುವೆಯಾಗಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದೇನೆ. ಗಂಡ ಮೆಕ್ಸಿಕನ್ ಮನೆತನದವರು, ಇಲ್ಲೇ ಹುಟ್ಟಿ ಬೆಳೆದವರು. ಒಬ್ಬಳೇ ಮಗಳು, 16 ವರ್ಷ. ಹೋದ ಬೇಸಿಗೆ ರಜೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿ, ತನಗೆ ಇಷ್ಟವಾಗೋದು ಹುಡುಗಿಯರೇ ಅಂತ ಹೇಳಿದಳು. ನಾವು ಬೈಯಲಿಲ್ಲ. ಆದರೆ ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಿಲ್ಲ. ಈಗ ನನ್ನ ಅಮ್ಮ ಊರಿಂದ ಆರು ತಿಂಗಳಿಗೆ ಬರ್ತಿದ್ದಾರೆ, ಮಗಳ ರೂಮಿನಲ್ಲೇ ಮಲಗಬೇಕು. ಅತ್ತೆ ಪ್ರತಿ ಭಾನುವಾರ ಚರ್ಚಿನಿಂದ ನೇರ ನಮ್ಮನೆಗೇ ಬರ್ತಾರೆ. ಮಗಳ ಶೆಲ್ಫ್ ತುಂಬ ಇದೇ ವಿಷಯದ ಪುಸ್ತಕಗಳು, ಎಲ್ಲಾ ಲ್ಯಾಟಿನೋ ಹುಡುಗ ಹುಡುಗಿಯರ, ಅಂದರೆ ಮೆಕ್ಸಿಕೋದಂಥ ಲ್ಯಾಟಿನ್ ಅಮೆರಿಕದ ಮೂಲದ ಮಕ್ಕಳ ಕಥೆಗಳು. ಅಮ್ಮ ರಿಟೈರ್ಡ್ ಟೀಚರ್, ಕಣ್ಣಿಗೆ ಬಿದ್ದ ಪುಸ್ತಕ ತೆಗೆದು ಓದುವವರು. ಸದ್ಯಕ್ಕೆ ಅವನ್ನೆಲ್ಲ ಡಬ್ಬಕ್ಕೆ ತುಂಬಿ ಗ್ಯಾರೇಜಿನಲ್ಲಿ ಇಟ್ಟುಬಿಡಲೇ?

ಉತ್ತರ: ಬೇಡ. ಅವಳನ್ನು ಕೇಳದೆ ಒಂದು ಪುಸ್ತಕವನ್ನೂ ಮುಟ್ಟಬೇಡಿ.

ನಿಮ್ಮ ಭಯ ಅರ್ಥವಾಗುತ್ತೆ. ಆರು ತಿಂಗಳು ಮನೆಯಲ್ಲಿ ರಂಪ ಆಗದಿದ್ದರೆ ಸಾಕು ಅಂತ ಯಾರಿಗಾದರೂ ಅನಿಸೋದೇ. ಆದರೆ ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ನಿಂತಿದ್ದು 'ಆಮೇಲೆ ಯಾರೂ ಆ ಮಾತು ಎತ್ತಿಲ್ಲ' ಅನ್ನೋ ಕಡೆ. ನೀವು ಅದನ್ನು ಸಮಾಧಾನದಿಂದಲೇ ಬರೆದಿದ್ದೀರಿ, ಬೈಯಲಿಲ್ಲವಲ್ಲ ಅಂತ. ಆ ಹುಡುಗಿ ಕಡೆಯಿಂದ ನೋಡಿ. ಎಷ್ಟು ದಿನ ಒಳಗೊಳಗೇ ಲೆಕ್ಕ ಹಾಕಿ, ಧೈರ್ಯ ಮಾಡಿ, ಅಪ್ಪ ಅಮ್ಮನನ್ನು ಎದುರಿಗೆ ಕೂರಿಸಿ ಒಂದು ಮಾತು ಹೇಳಿದ್ದಾಳೆ. ಅದಾದ ಮೇಲೆ ಮನೆಯಲ್ಲಿ ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ ಅಷ್ಟೇ. ಈಗ ಸ್ಕೂಲಿಂದ ಬಂದು ನೋಡಿದರೆ ಶೆಲ್ಫೂ ಖಾಲಿ ಅಂದರೆ ಅವಳು ಏನಂತ ತಿಳಿಯಬೇಕು?

ಆ ಶೆಲ್ಫಿನಲ್ಲಿ ಏನೇನಿದೆ ಅಂತ ಪತ್ರದಲ್ಲಿ ಇಲ್ಲ. ನೀವು ಓದಿಲ್ಲ ಅಂತ ಕಾಣುತ್ತೆ. ಹಾಗಾಗಿ ಮೊದಲ ಕೆಲಸ, 'ನಿಂಗೆ ತುಂಬಾ ಇಷ್ಟವಾದ ಒಂದು ಪುಸ್ತಕ ಕೊಡು, ನಾನೂ ಓದ್ತೀನಿ' ಅಂತ ಕೇಳಿ. ಅವಳು ಯಾವುದನ್ನು ಕೈಗಿಡುತ್ತಾಳೋ ಹೇಳಲಾರೆ. ಆದರೆ ಈ ವಯಸ್ಸಿನ ಮಕ್ಕಳು ತುಂಬಾ ಹಚ್ಚಿಕೊಂಡಿರುವ ಕೆಲವು ಪುಸ್ತಕಗಳು ನನಗೆ ಗೊತ್ತು, ಅದರಲ್ಲಿ ಒಂದನ್ನಂತೂ ನೀವು ಓದಲೇಬೇಕು.

ಬೆಂಜಮಿನ್ ಅಲೀರೆ ಸಾಯೆನ್ಸ್ ಬರೆದ 'ಅರಿಸ್ಟಾಟಲ್ ಆ್ಯಂಡ್ ದಾಂತೆ ಡಿಸ್ಕವರ್ ದ ಸೀಕ್ರೆಟ್ಸ್ ಆಫ್ ದ ಯೂನಿವರ್ಸ್'. 2012ರಲ್ಲಿ ಬಂತು. ಕಥೆ ನಡೆಯೋದು ನಿಮ್ಮದೇ ಟೆಕ್ಸಾಸ್‌ನಲ್ಲಿ, ಗಡಿಯ ಊರು ಎಲ್ ಪಾಸೋದಲ್ಲಿ, 1987ರ ಬೇಸಿಗೆಯಿಂದ ಶುರು. ಆರಿ ಮತ್ತು ದಾಂತೆ ಇಬ್ಬರು ಮೆಕ್ಸಿಕನ್ ಅಮೆರಿಕನ್ ಹುಡುಗರು, ಈಜುಕೊಳದಲ್ಲಿ ಸಿಗುತ್ತಾರೆ, ದಾಂತೆ ಆರಿಗೆ ಈಜು ಕಲಿಸುತ್ತಾನೆ. ನಿಧಾನಕ್ಕೆ ಅದು ಪ್ರೀತಿ ಅಂತ ಗೊತ್ತಾಗುತ್ತೆ. ಇಷ್ಟು ಕೇಳಿದರೆ ಇದು ಇಬ್ಬರು ಹುಡುಗರ ಪ್ರೇಮಕಥೆ ಅನಿಸುತ್ತೆ, ಅಲ್ವಾ. ನನಗೆ ಅದು ಅಪ್ಪ ಅಮ್ಮಂದಿರ ಕಥೆಯೂ ಹೌದು. ಆರಿಯ ಅಣ್ಣ ಜೈಲಿನಲ್ಲಿದ್ದಾನೆ. ಮನೆಯಲ್ಲಿ ಅವನ ಹೆಸರು ಎತ್ತೋ ಹಾಗಿಲ್ಲ, ಒಂದು ಫೋಟೋ ಕೂಡ ಕಣ್ಣಿಗೆ ಬೀಳೋದಿಲ್ಲ. ಅಪ್ಪ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು, ಅದರ ಬಗ್ಗೆ ಬಾಯಿ ಬಿಡೋದಿಲ್ಲ. ಅಪ್ಪ ಅಮ್ಮ ಇಬ್ಬರೂ ಒಳ್ಳೆಯವರೇ, ಮಗನೆಂದರೆ ಪ್ರಾಣ. ಆದರೂ ಆ ಮೌನದಲ್ಲಿ ಬೆಳೆದ ಹುಡುಗ ತನ್ನ ಮನಸ್ಸಿನ ಮಾತು ತನಗೇ ಹೇಳಿಕೊಳ್ಳಲಾಗದೆ ಒದ್ದಾಡುತ್ತಾನೆ. ಆರಿಗೆ ಒಬ್ಬ ಆಂಟಿ ಇದ್ದಾಳೆ, ಒಫೀಲಿಯಾ ಅಂತ. ಅವಳು ಸತ್ತಾಗ ನೆಂಟರು ಮಣ್ಣಿಗೆ ಬರೋದಿಲ್ಲ, ಯಾಕೆಂದರೆ ಅವಳು ಇನ್ನೊಬ್ಬ ಹೆಂಗಸಿನ ಜೊತೆ ಬಾಳಿದವಳು. ಕೊನೆಕೊನೆಗೆ ಅಪ್ಪ ಅಮ್ಮನೇ ಆರಿಯನ್ನು ಕೂರಿಸಿಕೊಂಡು ಮಾತು ತೆಗೆಯುತ್ತಾರೆ, ನೀನು ದಾಂತೆಯನ್ನು ಪ್ರೀತಿಸ್ತೀಯ, ನಮಗೆ ಗೊತ್ತು, ಅದರಿಂದ ಓಡಬೇಡ ಅಂತ. ಮಗ ಹೇಳೋ ಮುಂಚೆ ಹೆತ್ತವರೇ ಹೇಳುತ್ತಾರೆ! ನಿಮ್ಮ ಮನೆಯಲ್ಲಿ ಮಗಳು ಅರ್ಧ ದಾರಿ ತಾನೇ ನಡೆದು ಬಂದಾಗಿದೆ, ನೀವು ಇನ್ನರ್ಧ ನಡೆದರೆ ಆಯ್ತು.

ಎಲಿಜಬೆತ್ ಅಸೆವೆಡೊ ಅವರ 'ದ ಪೊಯೆಟ್ ಎಕ್ಸ್' 2018ರದ್ದು, ಪೂರ್ತಿ ಪದ್ಯದಲ್ಲೇ ಇರುವ ಕಾದಂಬರಿ. ಅದರ ನಾಯಕಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಡೊಮಿನಿಕನ್ ಮನೆಯ ಹುಡುಗಿ, ಅವಳ ಅವಳಿ ಅಣ್ಣ ಗೇ. ಅವನು ಅದನ್ನು ಮನೆಯಲ್ಲಿ ಮುಚ್ಚಿಟ್ಟುಕೊಂಡೇ ಬದುಕುತ್ತಿರುತ್ತಾನೆ. ಅಮ್ಮ ಮಹಾ ದೈವಭಕ್ತೆ. ಮಗಳು ಕವಿತೆ ಬರೆಯುತ್ತಿದ್ದ ನೋಟ್‌ಬುಕ್ ಅಮ್ಮನ ಕೈಗೆ ಸಿಗುತ್ತೆ, ಅಮ್ಮ ಅದನ್ನು ಮಗಳ ಕಣ್ಣೆದುರೇ ಸುಟ್ಟುಹಾಕುತ್ತಾಳೆ. ಗ್ಯಾರೇಜಿಗೆ ಹಾಕೋದು ಸುಡೋದಲ್ಲ, ಒಪ್ಪುತ್ತೇನೆ. ಆದರೂ ಆ ಪುಟಗಳನ್ನು ಓದಿ ನೋಡಿ. ತನ್ನದು ಅಂತ ಇದ್ದ ಒಂದೇ ಒಂದು ವಸ್ತುವಿನ ಮೇಲೆ ಬೇರೆಯವರು ಕೈ ಹಾಕಿದಾಗ ಆ ವಯಸ್ಸಿನವರಿಗೆ ಏನಾಗುತ್ತೆ ಅಂತ ತಿಳಿಯುತ್ತೆ. ಅತ್ತೆಯವರ ವಿಷಯಕ್ಕೂ ಒಂದು ಮಾತು: ಕೊನೆಗೆ ಆ ಅಮ್ಮ ಮಗಳ ನಡುವೆ ಕೂತು ಮಾತು ಬೆಳೆಸಲು ನೆರವಾಗೋದು ಅವರ ಚರ್ಚಿನ ಪಾದ್ರಿಯೇ. ಭಕ್ತಿ ಇರೋ ಮನೆಯಲ್ಲಿ ಬಾಗಿಲು ಮುಚ್ಚಿಯೇ ಇರುತ್ತೆ ಅಂತ ಮೊದಲೇ ತೀರ್ಮಾನ ಮಾಡಬೇಡಿ.

ಗ್ಯಾಬಿ ರಿವೇರಾ ಅವರ 'ಜೂಲಿಯೆಟ್ ಟೇಕ್ಸ್ ಎ ಬ್ರೆತ್' ನಿಮ್ಮ ಮಗಳಿಗೆ ಇನ್ನೂ ಹತ್ತಿರ ಇರಬಹುದು. ನ್ಯೂಯಾರ್ಕಿನ ಬ್ರಾಂಕ್ಸ್‌ನ ಪೋರ್ಟೊರಿಕನ್ ಹುಡುಗಿ, ತನಗೆ ಹುಡುಗಿಯರೇ ಇಷ್ಟ ಅಂತ ಮನೆಯವರಿಗೆ ಹೇಳಿ ಪೋರ್ಟ್‌ಲೆಂಡಿಗೆ ಹೊರಡುತ್ತಾಳೆ, ಅಮ್ಮ ಇನ್ನು ಮಾತಾಡ್ತಾಳೋ ಇಲ್ವೋ ಅನ್ನೋ ಭಾರ ಹೊತ್ತುಕೊಂಡು.

ನಿಮ್ಮ ಅಮ್ಮನ ಕೈಗೆ ಏಡನ್ ಥಾಮಸ್ ಅವರ 'ಸೆಮೆಟರಿ ಬಾಯ್ಸ್' ಸಿಕ್ಕರೆ ಭಯಪಡಬೇಡಿ. 2020ರ ಪುಸ್ತಕ, ಈಸ್ಟ್ ಲಾಸ್ ಏಂಜಲೀಸ್‌ನಲ್ಲಿ ನಡೆಯೋದು. ಯಾದ್ರಿಯೆಲ್ ಟ್ರಾನ್ಸ್ ಹುಡುಗ, ಅಂದರೆ ಹುಟ್ಟಿದಾಗ ಎಲ್ಲರೂ ಹೆಣ್ಣು ಅಂದುಕೊಂಡಿದ್ದವನು. ಅವನ ಮನೆತನಕ್ಕೆ ಸತ್ತವರ ಆತ್ಮಗಳ ಜೊತೆ ವ್ಯವಹರಿಸುವ ಶಕ್ತಿಯಿದೆ, ಆದರೆ ಅವನನ್ನು ಗಂಡು ಅಂತ ಒಪ್ಪಿ ದೀಕ್ಷೆ ಕೊಡಲು ಹಿರಿಯರು ತಯಾರಿಲ್ಲ. ಕಥೆ ನಡೆಯೋದು ನವೆಂಬರ್ ಶುರುವಿನ ಸತ್ತವರ ಹಬ್ಬದ ಹೊತ್ತಿಗೆ. ಚೆಂಡು ಹೂ, ದೀಪ, ತೀರಿಕೊಂಡವರಿಗೆ ಇಷ್ಟವಾದ ತಿಂಡಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಅಭ್ಯಾಸ ಇರುವ ಹಾಸನದ ಅಜ್ಜಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಅತ್ತೆಯ ಮನೆಯಲ್ಲೂ ಆ ಹಬ್ಬ ಮಾಡುತ್ತಿರಬಹುದು. ಎರಡೂ ಕಡೆಯ ಅಜ್ಜಿಯರಿಗೆ ಗೊತ್ತಿರುವ ಲೋಕದಲ್ಲೇ ನಿಮ್ಮ ಮಗಳಂಥ ಮಕ್ಕಳೂ ಇದ್ದಾರೆ ಅಂತ ಈ ಪುಸ್ತಕ ತೋರಿಸುತ್ತೆ. ಅವಳು ಇವನ್ನು ಯಾಕೆ ಅಷ್ಟು ಹಚ್ಚಿಕೊಂಡಿದ್ದಾಳೆ ಅನ್ನೋದಕ್ಕೆ ನನಗೆ ಕಾಣೋ ಕಾರಣ ಇದೇ. ಇದರಲ್ಲಿ ಯಾರೂ ಮನೆ ಬಿಟ್ಟು, ಭಾಷೆ ಬಿಟ್ಟು, ಅಜ್ಜಿಯ ಅಡುಗೆ ಬಿಟ್ಟು ಬೇರೆಯವರಾಗಲು ಬಯಸೋದಿಲ್ಲ. ತಮ್ಮ ಮನೆಯಲ್ಲೇ ತಮಗೊಂದು ಜಾಗ ಕೇಳುತ್ತಾರೆ.

ಒಂದು ಅಧ್ಯಯನದ ವಿಷಯ ಹೇಳಲೇಬೇಕು, ಯಾಕೆಂದರೆ ಅದು ನಡೆದಿದ್ದೇ ಬಿಳಿಯ ಮತ್ತು ಲ್ಯಾಟಿನೋ ಕುಟುಂಬದ ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಯುವಜನರ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಯೂನಿವರ್ಸಿಟಿಯ ಫ್ಯಾಮಿಲಿ ಆಕ್ಸೆಪ್ಟೆನ್ಸ್ ಪ್ರಾಜೆಕ್ಟ್ 2009ರಲ್ಲಿ ಪ್ರಕಟಿಸಿತು. ಮನೆಯವರಿಂದ ತುಂಬಾ ತಿರಸ್ಕಾರ ಕಂಡವರಲ್ಲಿ ಆತ್ಮಹತ್ಯೆಗೆ ಯತ್ನಿಸಿದವರ ಸಾಧ್ಯತೆ, ತಿರಸ್ಕಾರ ಕಾಣದ ಅಥವಾ ಅಲ್ಪಸ್ವಲ್ಪ ಕಂಡವರಿಗಿಂತ 8.4 ಪಟ್ಟು ಜಾಸ್ತಿ ಇತ್ತು. ನೀವು ಹಾಗೆ ತಿರಸ್ಕರಿಸಿದವರಲ್ಲ, ಹೆದರಿಸೋಕೆ ಹೇಳ್ತಿಲ್ಲ. ಆದರೆ ಹೊಡೆಯೋದು, ಹೊರಗೆ ಹಾಕೋದು ಮಾತ್ರವೇ ತಿರಸ್ಕಾರ ಅಂತ ಅವರು ಹೇಳೋದಿಲ್ಲ. ನೆಂಟರ ಮುಂದೆ ಈ ವಿಷಯ ಮುಚ್ಚಿಡು ಅನ್ನೋದು, ಆ ಬಗ್ಗೆ ಮಾತಾಡೋಕೆ ಬಿಡದಿರೋದು, ಇವೂ ಅವರ ಪಟ್ಟಿಯಲ್ಲಿವೆ. ಅವರು ಮನೆಯವರಿಗಾಗಿ ಮಾಡಿರುವ ಪುಸ್ತಿಕೆ ಸ್ಪ್ಯಾನಿಷ್‌ನಲ್ಲೂ ಇದೆ, ಮುಂದೆಂದಾದರೂ ಅತ್ತೆಗೆ ಕೊಡಬಹುದು.

ಮುಂದೆ ಅಂದರೆ, ಮಗಳು ಹೂಂ ಅಂದ ಮೇಲೆ. ಇದನ್ನು ದಯವಿಟ್ಟು ಮರೆಯಬೇಡಿ. ಅಮ್ಮನಿಗಾಗಲಿ ಅತ್ತೆಗಾಗಲಿ ನೀವಾಗಿ ಹೋಗಿ ಅವಳ ವಿಷಯ ಹೇಳೋ ಹಾಗಿಲ್ಲ. ಹೇಳೋದು ಬಿಡೋದು ಅವಳಿಗೆ ಸೇರಿದ್ದು. ಅಜ್ಜಿ ಇರುವಷ್ಟು ದಿನ ಎರಡು ಪುಸ್ತಕ ನಾನೇ ಒಳಗಿಡ್ತೀನಿ ಅಂತ ಅವಳೇ ಅಂದರೆ ಇಡಲಿ, ಬೇಕಾದರೆ ನೀವೇ ಜಾಗ ಮಾಡಿಕೊಡಿ. ಏನೂ ತೆಗೆಯಲ್ಲ ಅಂದರೆ ಹಾಗೇ ಇರಲಿ. ಅಜ್ಜಿ ಒಂದನ್ನು ಓದಿ 'ಇದೇನೇ ಇದು' ಅಂತ ಕೇಳಿದರೆ ಏನು ಹೇಳೋದು ಅಂತ ತಾಯಿ ಮಗಳು ಈಗಲೇ ಕೂತು ಮಾತಾಡಿಕೊಳ್ಳಿ. 'ಇಲ್ಲಿನ ಮಕ್ಕಳ ಕಥೆ ಅಮ್ಮ, ಚೆನ್ನಾಗಿದೆ, ನಾನೂ ಓದಿದೆ' ಅಂತ ನೀವು ಹೇಳಿದರೂ ಸಾಕು. ಅದು ನಿಜ ಆಗಬೇಕಾದರೆ ನೀವು ಓದಿರಬೇಕು, ಅಷ್ಟೇ.

ನಿಮ್ಮ ಅಮ್ಮ ಕನ್ನಡ ಓದುವವರಾದ್ದರಿಂದ ವಸುಧೇಂದ್ರ ಅವರ 'ಮೋಹನಸ್ವಾಮಿ' ನೆನಪಾಗುತ್ತೆ. 2013ರಲ್ಲಿ ಬಂದ ಕಥೆಗಳು, ನಮ್ಮ ಊರು, ನಮ್ಮ ಮಾತಿನಲ್ಲೇ ಒಬ್ಬ ಗೇ ಮನುಷ್ಯನ ಬದುಕು. ಕೆಲವು ಕಡೆ ತುಂಬಾ ನೇರವಾಗಿದೆ, ಹಾಗಾಗಿ ಮೊದಲು ನೀವು ಓದಿ, ಆಮೇಲೆ ಅಮ್ಮನಿಗೆ ಕೊಡಬಹುದಾ ಅಂತ ನೋಡಿ.

ಇನ್ನು ಮಲಗುವ ವಿಷಯ. ನೀವು ಕೇಳಿಲ್ಲ, ಆದರೂ ಹೇಳ್ತೀನಿ. 16ರ ಹುಡುಗಿಗೆ ಆರು ತಿಂಗಳು ಬಾಗಿಲು ಹಾಕಿಕೊಳ್ಳೋಕೆ ಒಂದು ರೂಮೇ ಇಲ್ಲ ಅನ್ನೋದು ತುಂಬಾ ಕಷ್ಟ. ಹಾಲ್‌ನಲ್ಲೋ ನಿಮ್ಮ ಆಫೀಸ್ ರೂಮಿನಲ್ಲೋ ಅಮ್ಮನಿಗೆ ಒಂದು ಮಂಚ ಹಾಕೋಕೆ ಆಗುತ್ತಾ ನೋಡಿ. ಆಗಲ್ಲ ಅಂದರೆ, ದಿನಕ್ಕೆ ಇಷ್ಟು ಹೊತ್ತು ರೂಮು ಅವಳದ್ದೇ ಅಂತ ಅಮ್ಮ ಬರುವ ಮುಂಚೆಯೇ ಫೋನಿನಲ್ಲಿ ಹೇಳಿಬಿಡಿ. ಇದನ್ನೂ ಮೊದಲು ಮಗಳ ಹತ್ತಿರವೇ ಕೇಳಿ, ಈ ವಾರವೇ.