ಓದುಗರ ಪ್ರಶ್ನೆ, ನಮ್ಮ ಉತ್ತರ: ಗಾಲ್ಫ್ ವೆಡ್ಜ್ ಮೇಲಿನ ಎರಡನೇ ಅಂಕಿ

ಪ್ರಶ್ನೆ: ನನ್ನ ಸ್ಯಾಂಡ್ ವೆಡ್ಜ್ (ಮರಳಿನಿಂದ ಚೆಂಡೆತ್ತುವ ಗಾಲ್ಫ್ ಕ್ಲಬ್) ಮೇಲೆ 56.12 ಎಂದು ಅಚ್ಚಾಗಿದೆ. 56 ಅಂದರೆ ಲಾಫ್ಟ್ (ಕ್ಲಬ್ ಮುಖದ ವಾಲಿಕೆಯ ಕೋನ), ಗೊತ್ತು. 12 ಏನು? ಬಂಕರ್‌ನಲ್ಲಿ, ಅಂದರೆ ಮರಳು ಗುಂಡಿಯಲ್ಲಿ, ತೊಂದರೆಯಿಲ್ಲ. ಆದರೆ ಬೇಸಿಗೆಯಲ್ಲಿ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು) ಪಕ್ಕದ ಗಟ್ಟಿ ನೆಲದಿಂದ ಚಿಪ್ (ಕಿರು ಹೊಡೆತ) ಮಾಡಿದರೆ ಚೆಂಡು ಮೇಲೇಳದೆ ಗ್ರೀನ್ ದಾಟಿ ಓಡುತ್ತದೆ. ವೆಡ್ಜ್ ಬದಲಿಸಬೇಕೇ?
– ಓದುಗರು, ಮೈಸೂರು

ಉತ್ತರ: ಸದ್ಯಕ್ಕೆ ಬೇಡ. 12 ಎಂಬುದು ಬೌನ್ಸ್, ಡಿಗ್ರಿಗಳಲ್ಲಿ. ಶಾಫ್ಟ್ (ಕ್ಲಬ್ಬಿನ ಕೋಲು) ನೆಟ್ಟಗಿರುವಂತೆ ಕ್ಲಬ್ ಹಿಡಿದು ಅದರ ತಲೆಯ ತುದಿಯ ಕಡೆಯಿಂದ ನೋಡಿ: ಮುಂಚೂಣಿ ಅಂಚಿಗಿಂತ ತಳದ ಹಿಂಭಾಗ ಕೆಳಗಿರುತ್ತದೆ. ಆ ಇಳಿಜಾರು ನೆಲದೊಂದಿಗೆ ಮಾಡುವ ಕೋನವೇ ಬೌನ್ಸ್. ಅಂಚು ಮಣ್ಣಿಗೆ ಇಳಿಯುವ ಮೊದಲು ತಳ ನೆಲಕ್ಕೆ ತಾಗಿ ಕ್ಲಬ್ಬನ್ನು ಮುಂದಕ್ಕೆ ಜಾರಿಸಬೇಕು, ಅದಕ್ಕಾಗಿ ಇದು. ಅಮೆರಿಕದ ಆಟಗಾರ ಜೀನ್ ಸಾರಾಜೆನ್ ತನ್ನ ಕ್ಲಬ್ಬಿನ ತಳಕ್ಕೆ ಬೆಸುಗೆ ಲೋಹ ಸೇರಿಸಿ ದಪ್ಪ ಮಾಡಿಕೊಂಡು 1932ರ ಬ್ರಿಟಿಷ್ ಓಪನ್ ಗೆದ್ದದ್ದೂ ಇದೇ ತತ್ವದ ಮೇಲೆ. ಸಾಮಾನ್ಯವಾಗಿ 4ರಿಂದ 6 ಡಿಗ್ರಿ ಕಡಿಮೆ, 7ರಿಂದ 10 ಮಧ್ಯಮ, ಅದರ ಮೇಲಿನದು ಹೆಚ್ಚು.

ಮರಳಲ್ಲಿ ಅನುಕೂಲವಾದ ಇದೇ ತಳ ಗಟ್ಟಿ ನೆಲದಲ್ಲಿ ಪುಟಿಯುತ್ತದೆ. ಅಂಚು ಮೇಲೆದ್ದು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ. ಚೆಂಡಿನ ವ್ಯಾಸ 42.67 ಮಿ.ಮೀ., ಅಂದರೆ ಅದರ ನಡುಭಾಗ ನೆಲದಿಂದ ಸುಮಾರು 21 ಮಿ.ಮೀ. ಎತ್ತರದಲ್ಲಷ್ಟೇ. ಇನ್ನು ಚೆಂಡನ್ನು ಎತ್ತಬೇಕೆಂದು ಫೇಸ್ (ಚೆಂಡಿಗೆ ತಾಗುವ ಮುಖ) ತೆರೆದಿರೋ, ಅಂದರೆ ಆಕಾಶದತ್ತ ತಿರುಗಿಸಿದಿರೋ, ಅಂಚು ಇನ್ನೂ ಮೇಲೇರುತ್ತದೆ. ಬಹಳ ಜನ ಮಾಡುವುದು ಅದನ್ನೇ.

ಫೇಸ್ ನೇರವಾಗಿಡಿ. ಚೆಂಡು ನಿಲುವಿನ ಮಧ್ಯಕ್ಕಿಂತ ತುಸು ಹಿಂದಿರಲಿ, ಕೈಗಳು ಚೆಂಡಿಗಿಂತ ಸ್ವಲ್ಪ ಮುಂದಿರಲಿ. ತಾಗುವಾಗ ಶಾಫ್ಟ್ 6 ಡಿಗ್ರಿ ಮುಂದಕ್ಕೆ ವಾಲಿದ್ದರೆ ಬೌನ್ಸ್ 12ರಿಂದ 6ಕ್ಕೆ ಇಳಿಯುತ್ತದೆ, ಲಾಫ್ಟ್ 50 ಆಗುತ್ತದೆ. ಚೆಂಡು ತಗ್ಗಾಗಿ ಹೋಗಿ ಹೆಚ್ಚು ಉರುಳುವುದರಿಂದ, ಬೀಳಬೇಕಾದ ಜಾಗವನ್ನು ಹತ್ತಿರಕ್ಕೆ ಆರಿಸಿಕೊಳ್ಳಿ. ಅತಿಯಾಗಿ ವಾಲಿಸಿದರೆ ಬೌನ್ಸ್ ಪೂರ್ತಿ ಹೋಗಿ ಅಂಚು ನೆಲ ಅಗೆಯುತ್ತದೆ.

ಇದೇ ಕೈವರಸೆಯನ್ನು ಬಂಕರ್‌ಗೆ ಒಯ್ಯಬೇಡಿ. ಅಲ್ಲಿ ಫೇಸ್ ತೆರೆದು, ಕೈ ಮುಂದೆ ತಳ್ಳದೆ, ಚೆಂಡಿನ ಹಿಂದೆ ಸುಮಾರು 5 ಸೆಂ.ಮೀ. ಮರಳಿಗೆ ಹೊಡೆಯಬೇಕು. ಮಳೆ ಬಿದ್ದು ಮರಳು ಗಟ್ಟಿಯಾಗಿದ್ದರೆ ಮಾತ್ರ ಫೇಸ್ ಅಷ್ಟು ತೆರೆಯಬೇಡಿ, ತಳ ಪುಟಿಯುತ್ತದೆ.

ಪ್ರಶ್ನೆ: 60 ಡಿಗ್ರಿ ಲಾಬ್ ವೆಡ್ಜ್ (ಚೆಂಡನ್ನು ಎತ್ತರಕ್ಕೆ ಹಾರಿಸುವ ಕ್ಲಬ್) ಕೊಳ್ಳಬೇಕೆಂದಿದ್ದೇನೆ. ಟಿವಿಯಲ್ಲಿ ಕಾಣುವ ವೃತ್ತಿಪರರ ಹಾಗೆ 4 ಡಿಗ್ರಿ ಬೌನ್ಸ್ ಸಾಕೇ?
– ಓದುಗರು, ಬೆಂಗಳೂರು

ಉತ್ತರ: ಮೊದಲು ನಿಮ್ಮ ಡಿವಟ್ (ಹೊಡೆತಕ್ಕೆ ಕಿತ್ತುಬರುವ ಹುಲ್ಲು-ಮಣ್ಣು) ನೋಡಿ. ಕೈಯಗಲದ ಆಳವಾದ ಹೆಂಟೆ ಕಿತ್ತು ಬರುತ್ತಿದ್ದರೆ ನಿಮ್ಮ ಸ್ವಿಂಗ್ ಕಡಿದಾಗಿ ಇಳಿಯುತ್ತಿದೆ. 10 ಅಥವಾ ಹೆಚ್ಚು ಬೇಕು. ಹುಲ್ಲು ಸವರಿದ ಗುರುತು ಮಾತ್ರ ಇದ್ದರೆ 6ರಿಂದ 8 ಸಾಕು. ಈ ಪರೀಕ್ಷೆ ಅಭ್ಯಾಸದ ರೇಂಜಿನ ಮ್ಯಾಟ್ ಮೇಲೆ ಬೇಡ. ಚೆಂಡಿಗಿಂತ 2 ಸೆಂ.ಮೀ. ಹಿಂದೆ ಬಡಿದರೂ ಮ್ಯಾಟ್ ಮೇಲೆ ಕ್ಲಬ್ ಜಾರಿ ಹೊಡೆತ ಚೆನ್ನಾಗಿದ್ದಂತೆ ತೋರುತ್ತದೆ. ಹುಲ್ಲಿನಲ್ಲಿ ಅದೇ ಹೊಡೆತ ಅರ್ಧ ದೂರಕ್ಕೆ ನಿಲ್ಲುತ್ತದೆ.

4 ಡಿಗ್ರಿ ನಮ್ಮ ಸಲಹೆಯಲ್ಲ. ಮಳೆಗಾಲದ ಒದ್ದೆ ಹುಲ್ಲಿನ ಫೇರ್‌ವೇಯಲ್ಲಿ ಅದು ಸಣ್ಣ ತಪ್ಪನ್ನೂ ಕ್ಷಮಿಸದೆ ಕೆಸರಿಗಿಳಿಯುತ್ತದೆ. ಅಂಕಿಯೊಂದನ್ನೇ ನಂಬಿ ಕೊಳ್ಳುವುದೂ ಸರಿಯಲ್ಲ: ಅಗಲ ತಳದ 8 ಡಿಗ್ರಿ, ಕಿರಿದಾದ ತಳದ 12ರಂತೆ ವರ್ತಿಸಬಹುದು. ಫೇಸ್ ತೆರೆದು ಆಡುವವರು ಹೀಲ್ ಬದಿ (ಶಾಫ್ಟ್ ಸೇರುವ ಬದಿ) ಸವರಿ ತೆಗೆದ ಗ್ರೈಂಡ್ (ಉಜ್ಜಿ ರೂಪಿಸಿದ ತಳ) ಕೇಳಿ ಪಡೆಯಿರಿ; ತೆರೆದಾಗಲೂ ಅಂಚು ನೆಲಕ್ಕೆ ಹತ್ತಿರವಿರುತ್ತದೆ.

ಪ್ರಶ್ನೆ: ಇರುವ ವೆಡ್ಜ್‌ನ ತಳವನ್ನೇ ಉಜ್ಜಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕ್ಲಬ್ ರಿಪೇರಿ ಬಲ್ಲವರ ಕೈಯಲ್ಲಿ, ಆಟಕ್ಕೆ ಮುಂಚೆ, ಧಾರಾಳವಾಗಿ. ಸುತ್ತಿನ ನಡುವೆ ಬೇಕೆಂದೇ ಉಜ್ಜಿ ಅದರಿಂದ ಹೊಡೆದರೆ ಅನರ್ಹತೆ. ಲೋಹ ಹೋದಷ್ಟು ತಲೆ ಹಗುರವಾಗುತ್ತದೆ. ಹಿಂಬದಿಗೆ ಸೀಸದ ಟೇಪ್ ಅಂಟಿಸಿ ತೂಕ ಸರಿಮಾಡಿಸಿ.